ಮಂಗಳೂರಿನ ಸೆಕೆಯಲ್ಲಿ ಓವರ್‌ಕ್ಲಾಕಿಂಗ್: ಮೊದಲ ಸಲ ಮಾಡುವವರಿಗೆ

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ನಾನು ಅದನ್ನು ಮೊದಲ ಸಲ ಮಾಡಿದ್ದು ಜುಲೈ ತಿಂಗಳ ಒಂದು ರಾತ್ರಿ. ಹೊರಗೆ ಜಡಿಮಳೆ, ಕೋಣೆ ತಣ್ಣಗೆ. 4.8 ಗಿಗಾಹರ್ಟ್ಸ್, ಎಲ್ಲ ಪರೀಕ್ಷೆಯಲ್ಲೂ ಪಾಸು. ಅದೇ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನ ಕೈಕೊಟ್ಟಿತು. ವಿಡಿಯೋ ಎಡಿಟಿಂಗ್ ಅರ್ಧದಲ್ಲಿದ್ದಾಗ ನೀಲಿ ಪರದೆ. ತಪ್ಪು ನನ್ನದೇ. ಮಂಗಳೂರಿನ ಸೆಕೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮಾಮೂಲಿ ಕೂಲರ್, ಫ್ಯಾನಿನದ್ದಿರಲಿ ನೀರಿನದ್ದಿರಲಿ, ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಯೂಟ್ಯೂಬ್‌ನಲ್ಲಿ 75 ಡಿಗ್ರಿ ತೋರಿಸುವವರ ಕೋಣೆ 22ರಲ್ಲಿ ಇದ್ದೀತು. ಕದ್ರಿಯಲ್ಲೋ ಸುರತ್ಕಲ್‌ನಲ್ಲೋ ಟೆರೇಸ್ ಕೆಳಗಿನ ಕೋಣೆಯಲ್ಲಿ 32 ಇದ್ದರೆ, ಅದೇ ಪ್ರೊಸೆಸರ್ ಹತ್ತಿರ ಹತ್ತಿರ 85 ತೋರಿಸುತ್ತದೆ.

ಮೊದಲು ನಿಮ್ಮ ಯಂತ್ರಕ್ಕೆ ಇದು ಆಗುತ್ತದಾ ನೋಡಿ. ಇಂಟೆಲ್ ಆದರೆ ಹೆಸರಿನ ಕೊನೆಯಲ್ಲಿ 'ಕೆ', 'ಕೆಎಫ್' ಅಥವಾ 'ಕೆಎಸ್' ಇರಬೇಕು, ಮದರ್‌ಬೋರ್ಡ್ 'ಝಡ್' ಸರಣಿಯದ್ದಾಗಿರಬೇಕು. ಎಎಂಡಿಯ ರೈಜೆನ್‌ನಲ್ಲಿ ಹೆಚ್ಚಿನವು ಮುಕ್ತ. ಬಿ550 ಬೋರ್ಡ್ ಸಾಕು, ಎ520 ಆಗದು. ಲ್ಯಾಪ್‌ಟಾಪ್ ಆಸೆ ಬಿಟ್ಟುಬಿಡಿ. ಓವರ್‌ಕ್ಲಾಕ್‌ನಿಂದ ಹಾಳಾದರೆ ಎರಡೂ ಕಂಪನಿಗಳ ವಾರಂಟಿ ಇಲ್ಲ.

ಆಮೇಲೆ ಕೇಸ್ ಬಿಚ್ಚಿ. ನಮ್ಮಲ್ಲಿ ಧೂಳು ಹಾರುವುದಿಲ್ಲ, ಅಂಟುತ್ತದೆ. ಕಡಲ ಗಾಳಿಯ ತೇವಕ್ಕೆ ಕೂಲರ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿರುತ್ತದೆ. ಸಣ್ಣ ಬ್ರಷ್‌ನಿಂದ ತೆಗೆಯಿರಿ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿ. ಪ್ರೊಸೆಸರ್ ಜೊತೆ ಬಂದ ಪುಟ್ಟ ಕೂಲರ್ ಇದ್ದರೆ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಮುಂದಿನದು ಬಯೋಸ್, ಅಂದರೆ ಮದರ್‌ಬೋರ್ಡ್‌ನ ಮೂಲ ತಂತ್ರಾಂಶದ ಅಪ್‌ಡೇಟ್. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್‌ಗಳಿದ್ದವರು ಇದನ್ನು ಬಿಡಲೇಬಾರದು. ಅವುಗಳಲ್ಲಿ ಕೆಲವು ಜಾಸ್ತಿ ವೋಲ್ಟೇಜ್‌ನಿಂದ ಕೆಡುತ್ತಿದ್ದವು, 2024ರಲ್ಲಿ ಕಂಪನಿಯೇ ತಿದ್ದುಪಡಿ ಕೊಟ್ಟಿತು. ಯುಪಿಎಸ್ ಇಲ್ಲದೆ, ಗುಡುಗು ಸಿಡಿಲಿನ ಸಂಜೆ ಮಾತ್ರ ಕೈ ಹಾಕಬೇಡಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಇರಬಹುದು.

ಈಗ ಪ್ರೊಸೆಸರನ್ನು ಪೂರ್ತಿ ದುಡಿಸಿ ಅಂಕ ಕೊಡುವ ಸಿನೆಬೆಂಚ್ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ. ಪಕ್ಕದಲ್ಲಿ ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದಿರಲಿ. ಅಂಕ, ವೇಗ, ವೋಲ್ಟೇಜ್, ಡಿಗ್ರಿ, ನಾಲ್ಕನ್ನೂ ಕಾಗದದಲ್ಲಿ ಬರೆದಿಡಿ.

ರೀಸ್ಟಾರ್ಟ್ ಮಾಡಿ ಡಿಲೀಟ್ ಕೀ ಒತ್ತುತ್ತಿದ್ದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಬಯೋಸ್ ತೆರೆಯುತ್ತದೆ. ನೀವು ಮುಟ್ಟಬೇಕಾದ್ದು 'ಕೋರ್ ರೇಶಿಯೊ'. ಲೆಕ್ಕ ಸುಲಭ: 100 ಮೆಗಾಹರ್ಟ್ಸ್ ಗುಣಿಸು 45 ಅಂದರೆ 4.5 ಗಿಗಾಹರ್ಟ್ಸ್. ಎಲ್ಲ ಕೋರ್‌ಗಳೂ (ಪ್ರೊಸೆಸರ್‌ನ ಒಳಗಿನ ದುಡಿಯುವ ಘಟಕಗಳು) ದುಡಿಯುವಾಗ ಈಗಿರುವ ವೇಗದ ರೇಶಿಯೊಗೆ, ಅಂದರೆ ಆ 45ರಂಥ ಅಂಕಿಗೆ, ಒಂದೇ ಒಂದು ಸೇರಿಸಿ, ಸೇವ್ ಮಾಡಿ, ಮತ್ತೆ ಸಿನೆಬೆಂಚ್ ಓಡಿಸಿ. ಸುಮ್ನೆ ಒಂದೇ ಸಲ ಐದು ಏರಿಸಿದರೆ ಎಲ್ಲಿ ಎಡವಿದಿರೆಂದು ಗೊತ್ತಾಗುವುದಿಲ್ಲ.

ವೋಲ್ಟೇಜ್ 'ಆಟೋ'ದಲ್ಲಿ ಬಿಟ್ಟರೆ ಕೆಲವು ಬೋರ್ಡ್‌ಗಳು ಬೇಡದಷ್ಟು ಸುರಿಯುತ್ತವೆ. ಬರೆದಿಟ್ಟ ಅಂಕಿಯನ್ನೇ ಕೈಯಾರೆ ಹಾಕಿ. ಬಿಸಿ ಏರುವುದು ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ. 1.20 ಇದ್ದದ್ದನ್ನು 1.30 ಮಾಡಿದರೆ ವೋಲ್ಟೇಜ್ ಏರಿದ್ದು ನೂರಕ್ಕೆ 8, ವೇಗ ಅಷ್ಟೇ ಇದ್ದರೂ ಬಿಸಿ ಏರುವುದು ಸುಮಾರು 17. ಹಾಗಾಗಿ ಕ್ರ್ಯಾಶ್ ಆದರೆ ವೋಲ್ಟೇಜ್ ಸೇರಿಸುವ ಬದಲು ಒಂದು ಮೆಟ್ಟಿಲು ಹಿಂದೆ ಬನ್ನಿ. ಗೆಳೆಯನ ಅದೇ ಪ್ರೊಸೆಸರ್ 4.9 ಓಡುತ್ತದೆ ಎಂದು ಬೇಜಾರು ಬೇಡ. ಒಂದೇ ಗೊನೆಯ ಬೊಂಡಗಳೂ ಒಂದೇ ರುಚಿ ಇರುವುದಿಲ್ಲ, ಅಲ್ವಾ?

ಕಂಪ್ಯೂಟರ್ ಏಳಲೇ ಇಲ್ಲವೇ? ಗಾಬರಿ ಬೇಡ. ಬೋರ್ಡ್ ತಾನೇ ಎರಡು ಮೂರು ಸಲ ಪ್ರಯತ್ನಿಸಿ ಹಳೆಯ ಸೆಟ್ಟಿಂಗ್‌ಗೆ ಮರಳುವುದುಂಟು. ಇಲ್ಲದಿದ್ದರೆ ಪ್ಲಗ್ ಕಿತ್ತು, ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಹಾಕಿ.

ಕೊನೆಯ ಪರೀಕ್ಷೆ ಒಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶದಲ್ಲಿ, ಕಡಿಮೆಯೆಂದರೆ ಒಂದು ಗಂಟೆ. ಏಸಿ ಹಾಕಬೇಡಿ. ಏಪ್ರಿಲ್ ಅಥವಾ ಮೇ, ಮಧ್ಯಾಹ್ನ ಎರಡೂವರೆ, ಬೆವರು ಇಳಿಯುವ ಹೊತ್ತೇ ಸರಿ. 85 ದಾಟಿದರೆ ನಾನು ಒಂದು ಇಳಿಸುತ್ತೇನೆ.

ಬಯೋಸ್‌ನಲ್ಲಿ ಸೆಟ್ಟಿಂಗ್‌ಗಳನ್ನು ಪ್ರೊಫೈಲ್ ಆಗಿ ಉಳಿಸಬಹುದು. ನನ್ನಲ್ಲಿ ಎರಡಿವೆ: ಸೆಕೆಗೆ 4.6, ಮಳೆಗೆ 4.8. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ನಾನು ಮಳೆಯ ಪ್ರೊಫೈಲ್‌ಗೆ ಹೋಗುತ್ತೇನೆ. ಮಳೆ ತಡವಾದ ವರ್ಷ ಇನ್ನೂ ಒಂದೆರಡು ವಾರ ಕಾಯುತ್ತೇನೆ.