ಹತ್ತಿ ಬನಿಯನ್ ಊರಲ್ಲೇ ಬಿಟ್ಟು ಹಿಮಕ್ಕೆ ಹೋದೆ

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನನ್ನದೊಂದು ಟೇಲರ್ ಅಂಗಡಿ. ಬೆಳಿಗ್ಗೆ ಹತ್ತಕ್ಕೆ ಮಷಿನ್ ಮುಂದೆ ಕೂತರೆ ಏಳುವುದು ರಾತ್ರಿ ಒಂಬತ್ತಕ್ಕೆ. ವಯಸ್ಸು 44, ನನ್ನದೇ ಟೇಪಿನಲ್ಲಿ ಸೊಂಟ 38. ಇಂಥವನ ಹತ್ತಿರ ಆಗಸ್ಟಿನಲ್ಲಿ ತಂಗಿಯ ಮಗ ಬಂದು, "ಮಾಮಾ, ಡಿಸೆಂಬರ್‌ದಾಗ ಕೇದಾರಕಂಠಕ್ಕ ಹೊಂಟೇವಿ, ನೀನೂ ಬಾ" ಅಂದ. ನಾನು ಕೇದಾರನಾಥ ಅಂದುಕೊಂಡು ಹೂಂ ಅಂದುಬಿಟ್ಟೆ. ಚಳಿಗಾಲದಲ್ಲಿ ಕೇದಾರನಾಥದ ಬಾಗಿಲು ಮುಚ್ಚಿರುತ್ತದೆ, ಇದು ಬೇರೆಯೇ ಬೆಟ್ಟ ಅಂತ ಗೊತ್ತಾಗುವಷ್ಟರಲ್ಲಿ ಮುಂಗಡ ಕಟ್ಟಿಯಾಗಿತ್ತು.

ಕೇದಾರಕಂಠ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ. ಎತ್ತರ 12,500 ಅಡಿ, ಅಂದರೆ ಸುಮಾರು 3,800 ಮೀಟರ್. ಸಾಂಕ್ರಿ ಎಂಬ ಹಳ್ಳಿಯಿಂದ ನಡಿಗೆ ಶುರು. ರಾತ್ರಿ ಹಿಮದ ಮೇಲೆ ಟೆಂಟಿನಲ್ಲಿ ಮಲಗಬೇಕು. ಅವ್ವನಿಗೆ ಹೇಳಿದೆ. "ಇಲ್ಲಿ ಥಂಡಿಗೆ ಕಿವಿಗೆ ಅರಳಿ ಇಟಗೊಂಡು ಅಡ್ಡಾಡಾಂವ ನೀನು, ಹಿಮದಾಗ ಏನ್ ಮಾಡ್ತಿ?" ಅಂದಳು. ತಪ್ಪೇನೂ ಹೇಳಿರಲಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋಗಿ ಬಿಪಿ, ಶುಗರ್, ಇಸಿಜಿ ನೋಡಿಸಿಕೊಂಡೆ. ಎಲ್ಲ ಸರಿ ಇತ್ತು. ಆಮೇಲೆ ದಿನಾ ಬೆಳಿಗ್ಗೆ ನೃಪತುಂಗ ಬೆಟ್ಟ. ಮೊದಲ ಎರಡು ವಾರ ಬರಿಗೈಯಲ್ಲಿ ಹತ್ತಿದೆ. ಮಾತಾಡುತ್ತ ಹತ್ತಲು ಆಗಬೇಕು, ಮಾತು ತುಂಡಾಗಿ ಬರತೊಡಗಿದರೆ ವೇಗ ಜಾಸ್ತಿ ಆಯಿತು ಅಂತ ಲೆಕ್ಕ. ನಂತರ ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿಕೊಂಡೆ. ನಾಲ್ಕು ಲೀಟರ್, ಆರು, ಕೊನೆಗೆ ಹತ್ತು. ನೀರೇ ಯಾಕೆ ಅಂದರೆ, ಮೇಲೆ ಹೋಗಿ ಗಿಡಕ್ಕೆ ಸುರಿದರೆ ಇಳಿಯುವಾಗ ಬ್ಯಾಗ್ ಹಗುರ, ಮಂಡಿಗೆ ಆರಾಮ. ಕೊನೆಯ ಒಂದೂವರೆ ತಿಂಗಳು ಮಾತ್ರ ಭಾರ ಹೊತ್ತೇ ಇಳಿದೆ. ಹತ್ತುವಾಗ ಉಸಿರು ಹೋಗುತ್ತದೆ ನಿಜ, ಆದರೆ ಮಾರನೇ ದಿನ ಕಮೋಡ್ ಮೇಲಿಂದ ಏಳಲು ಆಗದಂತೆ ಮಾಡುವುದು ಇಳಿಜಾರು. ತೊಡೆಗೆ ಅದರ ರೂಢಿ ಬೇರೆಯೇ ಆಗಬೇಕು. ಮಳೆ ಬಂದ ದಿನ ಮನೆಯ ಮೆಟ್ಟಿಲನ್ನೇ ಹತ್ತಿ ಇಳಿಯುತ್ತಿದ್ದೆ. ಮೇಲಿನ ಮನೆಯವರು ಎರಡು ದಿನ ಸುಮ್ನಿದ್ದು ಮೂರನೇ ದಿನ ಚಹಾಕ್ಕೆ ಕರೆದು ಏನಾಗಿದೆ ಅಂತ ವಿಚಾರಿಸಿದರು.

ಇಷ್ಟೆಲ್ಲ ಮಾಡಿದರೂ ತೆಳು ಗಾಳಿಗೆ ಊರಲ್ಲಿ ತಯಾರಿ ಆಗುವುದಿಲ್ಲ. 3,800 ಮೀಟರಿನಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಅದಕ್ಕೆ ನಿಧಾನವಾಗಿ ಏರಿ ನಡುವೆ ರಾತ್ರಿ ಕಳೆಯುವುದೊಂದೇ ದಾರಿ.

ನವೆಂಬರಿನ ಒಂದು ಭಾನುವಾರ ಅಳಿಯನೂ ನಾನೂ ಗದಗಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕಪ್ಪತಗುಡ್ಡಕ್ಕೆ ಹೋದೆವು. 2019ರಿಂದ ಅದು ವನ್ಯಜೀವಿ ಧಾಮ, ಹಾಗಾಗಿ ರಾತ್ರಿ ಉಳಿಯುವ ಮಾತಿಲ್ಲ. ಎಂಟು ಕಿಲೋ ಹೊತ್ತು ಹತ್ತಿದೆ. ಮೇಲೆ ಹೋಗುವಷ್ಟರಲ್ಲಿ ಹತ್ತಿ ಬನಿಯನ್ ಹಿಂಡಿದರೆ ನೀರು ಬರುವಂತಿತ್ತು. ಅಲ್ಲಿನ ಗಾಳಿ ಗೊತ್ತಲ್ಲ, ಸುಮ್ನೆ ಗಾಳಿಯಂತ್ರ ಹಾಕಿಲ್ಲ ಆ ಕಡೆ. ಐದು ನಿಮಿಷ ನಿಂತಿರಬೇಕು, ಹಲ್ಲು ಕಟಕಟ ಅನ್ನತೊಡಗಿತು. ಮೇಲೆ ಒಳ್ಳೆ ಬಿಸಿಲು, ಕೆಳಗೆ ನಾನು ನಡುಗುತ್ತಿದ್ದೇನೆ.

ಆಗ ತಲೆಗೆ ಹೊಳೆಯಿತು. ಹತ್ತಿ ಬೆವರು ಕುಡಿದು ಮೈಗೆ ಅಂಟಿಕೊಂಡು ಕೂರುತ್ತದೆ, ಬೇಗ ಒಣಗುವುದಿಲ್ಲ. ಒಣಗುವಾಗ ಮೈ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನಾವು ಹತ್ತಿ ಹಾಕುವುದೇ ಆ ತಂಪಿಗೆ. ಹಿಮದಲ್ಲಿ ಅದೇ ಗುಣ ಮೈಮೇಲೆ ಬರುತ್ತದೆ. ಹತ್ತಿ ಮಾರುಕಟ್ಟೆಯ ಊರಿನ ಟೇಲರ್ ನಾನು, ರಾಷ್ಟ್ರಧ್ವಜದ ಖಾದಿ ಹೊಲಿಯುವ ಬೆಂಗೇರಿ ನಮ್ಮ ಊರಲ್ಲೇ ಇದೆ. ಆದರೂ ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದವನಿಗೆ ಇದು ತಿಳಿದದ್ದು ಗುಡ್ಡದ ಮೇಲೆ ನಡುಗಿದಾಗ.

ಊರಿಗೆ ಬಂದು ಬಟ್ಟೆಯ ಪಟ್ಟಿ ಪೂರ್ತಿ ಬದಲಿಸಿದೆ. ಮೈಗೆ ತಾಗುವುದು ಹುಡುಗರು ಆಟಕ್ಕೆ ಹಾಕುವ ಪಾಲಿಯೆಸ್ಟರ್ ಟೀ ಶರ್ಟ್. ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚಗಿನ ಅಂಗಿ, ನಿಂತಾಗ ಹಾಕಲು ದಪ್ಪ ಜಾಕೆಟ್, ಎಲ್ಲದರ ಮೇಲೆ ಗಾಳಿ ತಡೆಯುವ ತೆಳು ಕೋಟು. ಜಾಕೆಟ್ಟನ್ನು ಬಾಡಿಗೆಗೆ ತಂದೆ. ರೇನ್‌ಕೋಟ್ ಬಟ್ಟೆಯಲ್ಲಿ ಗೇಟರ್ ನಾನೇ ಹೊಲಿದೆ, ಬೂಟಿನೊಳಗೆ ಹಿಮ ಬೀಳದಂತೆ ಮೊಣಕಾಲಿನವರೆಗೆ ಕಟ್ಟುವ ಚೀಲ ಅದು. ಎಲ್ಲ ಜಿಪ್ಪಿನ ತುದಿಗೂ ಒಂದು ಗೇಣು ಬೂಟಿನ ಲೇಸು ಕಟ್ಟಿದೆ. ಕೈಗವಸು ಹಾಕಿದ ಬೆರಳಿಗೆ ಜಿಪ್ಪಿನ ನಾಲಿಗೆ ಸಿಗುವುದಿಲ್ಲ. ಇಡೀ ಪ್ರವಾಸದಲ್ಲಿ ಉಳಿದವರು ನನ್ನ ಹತ್ತಿರ ಕೇಳಿ ಮಾಡಿಸಿಕೊಂಡದ್ದು ಈ ಲೇಸಿನ ಕೆಲಸವೊಂದನ್ನೇ.

ಇನ್ನು ಕಂಬಳಿಯ ಕಥೆ. ಅವ್ವನ ಹತ್ತಿರ ಹಾವೇರಿ ಜಿಲ್ಲೆಯ ಮೇಡ್ಲೇರಿಯಿಂದ ತಂದ ಕರಿ ಕಂಬಳಿ ಇತ್ತು. ಇದನ್ನೇ ಒಯ್ಯಿ ಅಂತ ಹಟ. ಬೆಚ್ಚಗೇನೋ ಹೌದು, ಆದರೆ ಹೊರುವವನು ನಾನು. ಅವ್ವ ದೇವಸ್ಥಾನಕ್ಕೆ ಹೋದಾಗ ಅದಕ್ಕೆ ಕತ್ತರಿ ಹಾಕಿದೆ. ಎರಡೂವರೆ ಅಡಿಯ ಒಂದು ತುಂಡು ಸೊಂಟದ ಕೆಳಗೆ ಹಾಸಲು, ಎರಡು ಚಿಕ್ಕ ತುಂಡು ಬೂಟಿನೊಳಗಿನ ಅಟ್ಟೆಗೆ. ಅವ್ವ ಮೂರು ದಿನ ಮಾತು ಬಿಟ್ಟಳು.

ಡಿಸೆಂಬರ್ ಮೊದಲ ವಾರ ಅಣ್ಣಿಗೇರಿ ಕಡೆ ಗೆಳೆಯನ ಹೊಲದಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಮಲಗಿದೆವು. ಸುತ್ತ ಕಡಲೆ ಹೊಲ, ಎರೆ ಮಣ್ಣು. ಚಳಿ ಅಂತ ಟೆಂಟಿನ ಬಾಯಿ ಪೂರ್ತಿ ಮುಚ್ಚಿದೆವು. ನಸುಕಿನಲ್ಲಿ ಮುಖದ ಮೇಲೆ ಟಪ್ ಟಪ್ ಅಂತ ನೀರು. ಮಳೆ ಅಂದುಕೊಂಡು ಎದ್ದೆ. ನಮ್ಮದೇ ಉಸಿರು ಬಟ್ಟೆಗೆ ತಾಗಿ ಹನಿಯಾಗಿ ಬೀಳುತ್ತಿತ್ತು. ಅಂದಿನಿಂದ ಎಷ್ಟೇ ಚಳಿಯಿರಲಿ, ಮೇಲಿನ ಕಿಂಡಿ ಒಂದಿಷ್ಟು ತೆರೆದಿರುತ್ತದೆ. ಮುಖವನ್ನೂ ಸ್ಲೀಪಿಂಗ್ ಬ್ಯಾಗಿನ ಹೊರಗೇ ಇಡುತ್ತೇನೆ. ನೆಲ ಎಷ್ಟು ಬಿಸಿ ಎಳೆದುಕೊಳ್ಳುತ್ತದೆ ಅನ್ನುವುದೂ ಅಲ್ಲೇ ತಿಳಿಯಿತು. ಮೇಲೆ ಎರಡು ಹೊದಿಕೆ ಹೊದ್ದರೂ ಕೆಳಗಿನ ಹಾಸು ತೆಳುವಾಗಿದ್ದರೆ ನಿದ್ದೆ ಇಲ್ಲ.

ಊಟದ ತಯಾರಿ ಅವ್ವನದು, ಮಾತು ಬಿಟ್ಟರೂ ಕೈ ಬಿಡಲಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ಜೋಳದ ರೊಟ್ಟಿ, ಅಂಟಿನ ಉಂಡಿ, ಮಾದ್ಲಿ. ಅಳಿಯ ಚುರಮರಿ ಚೂಡಾ ಬೇಕಂದ, ನಾನು ಬೇಡ ಅಂದೆ. ಅದು ಜಾಗ ತಿನ್ನುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲರಿ ಇದೆ, ಎರಡು ಹಿಡಿಯಲ್ಲಿ ಮುಗಿಯುತ್ತದೆ.

ಬೆಟ್ಟದಲ್ಲಿ ನಮ್ಮ ತಂಡಕ್ಕೆ ಅಡುಗೆಯವರಿದ್ದರು, ಬೇಳೆ ಅನ್ನ ಸಿಗುತ್ತಿತ್ತು. ಆದರೆ ನಡುನಡುವೆ ತಿನ್ನುವುದು ನಮ್ಮದೇ. ಖಡಕ್ ರೊಟ್ಟಿ ಎರಡನೇ ದಿನಕ್ಕೇ ಪುಡಿ. ಬಿಸಿ ಬೇಳೆಯಲ್ಲಿ ಕಲಸಿ, ಚಟ್ನಿ ಹಾಕಿ ಚಮಚದಲ್ಲಿ ತಿಂದೆವು, ಬಿಸಿ ರೊಟ್ಟಿ ಕುಟ್ಟಿ ಮಾಡುವ ನಮ್ಮ ಮುಟಗಿಯ ತಮ್ಮನ ಹಾಗಿತ್ತು. ಅಂಟಿನ ಉಂಡಿ ಕಲ್ಲಾಯಿತು. ಹಲ್ಲಲ್ಲಿ ಕಚ್ಚಿದರೆ ಹಲ್ಲೇ ಹೋಗಬೇಕು. ಅವತ್ತಿಂದ ನಾಲ್ಕು ಉಂಡಿ ಫ್ಲೀಸಿನ ಒಳಜೇಬಿಗೆ ಹೋದವು, ಮೈ ಬಿಸಿಗೆ ಮೆತ್ತಗಾಗಲಿ ಅಂತ. ಮುಂದಿನ ಸಲ ಊರಲ್ಲೇ ಗೋಲಿಯಷ್ಟು ಸಣ್ಣದಾಗಿ ಕಟ್ಟಿಸುತ್ತೇನೆ.

ಗೆದ್ದದ್ದು ಮಾದ್ಲಿ. ಗೋಧಿ, ಕಡಲೆಬೇಳೆ, ಸ್ವಲ್ಪ ಅಕ್ಕಿಯನ್ನು ತರಿಯಾಗಿ ಬೀಸಿ, ಗಟ್ಟಿ ಕಲಸಿ ದಪ್ಪ ರೊಟ್ಟಿ ಬೇಯಿಸಿ, ಮುರಿದು ಪುಡಿ ಮಾಡಿ ಅವ್ವ ಒಂದು ದಿನ ಬಿಸಿಲಿಗೆ ಹಾಕಿದ್ದಳು. ಆಮೇಲೆ ಬೆಲ್ಲ, ಒಣಕೊಬ್ಬರಿ, ಪುಟಾಣಿ, ಏಲಕ್ಕಿ. ರಾತ್ರಿ ಮಲಗುವ ಮುಂಚೆ ಒಂದು ಲೋಟ ಬಿಸಿ ನೀರಿಗೆ ನಾಲ್ಕು ಚಮಚ ಮಾದ್ಲಿ, ಒಂದು ಚಮಚ ತುಪ್ಪ. ಹೊಟ್ಟೆಯಲ್ಲಿ ಒಲೆ ಉರಿದ ಹಾಗೆ. ಸ್ಲೀಪಿಂಗ್ ಬ್ಯಾಗ್ ತಾನಾಗಿ ಬಿಸಿ ಕೊಡುವುದಿಲ್ಲ, ನಮ್ಮ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಅದೇನು ಹಿಡಿದೀತು?

ಅಣ್ಣಿಗೇರಿಯಲ್ಲಿ ಚೆನ್ನಾಗಿ ಉರಿದ ನಮ್ಮ ಪುಟ್ಟ ಗ್ಯಾಸ್ ಸ್ಟವ್ ಬೆಟ್ಟದ ದಾರಿಯ ಕ್ಯಾಂಪ್ ಜೂಡಾ ತಾಲಾಬಿನಲ್ಲಿ ಹೊತ್ತಲೇ ಇಲ್ಲ. ಡಬ್ಬಿಯಲ್ಲಿದ್ದದ್ದು ಬರೀ ಬ್ಯೂಟೇನ್. ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಆವಿಯಾಗುವುದಿಲ್ಲ. ಪ್ರೊಪೇನ್ ಬೆರೆತ ಡಬ್ಬಿ ತರಬೇಕಿತ್ತು. ಜಾಕೆಟ್ಟಿನೊಳಗೆ ಅರ್ಧ ಗಂಟೆ ಇಟ್ಟುಕೊಂಡ ಮೇಲೆ ಒಂದು ಚಹಾ ಆಯಿತು. ಟೆಂಟಿನೊಳಗೆ ಮಾತ್ರ ಹಚ್ಚಬಾರದು, ಬೆಂಕಿಯ ಭಯ ಒಂದು, ಮುಚ್ಚಿದ ಜಾಗದ ವಿಷಗಾಳಿ ಇನ್ನೊಂದು.

ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡುವುದನ್ನು ಅಲ್ಲಿನ ಗೈಡ್ ಕಲಿಸಿದ. ಮಂಜುಗಡ್ಡೆ ಮೊದಲು ಕಟ್ಟುವುದು ಮೇಲ್ಭಾಗದಲ್ಲಿ, ಆಗ ಬಾಯಿ ತೆರೆದೇ ಇರುತ್ತದೆ. ಒಂದು ಜೊತೆ ಕಾಲುಚೀಲ ಮಲಗಲು ಮಾತ್ರ ಮೀಸಲಿಟ್ಟೆ, ನಡೆಯಲು ಮುಟ್ಟಲೇ ಇಲ್ಲ. ಅಳಿಯನಿಗೆ ಬೇಸ್ ಕ್ಯಾಂಪಿನಲ್ಲಿ ತಲೆನೋವು ಬಂತು. ಮುಚ್ಚಿಡದೆ ಗೈಡಿಗೆ ಹೇಳಿದೆವು. ಜಾಸ್ತಿಯಾದರೆ ರಾತ್ರಿಯೇ ಕೆಳಗೆ ಇಳಿಸುತ್ತೇನೆ ಅಂದ. ಅದೃಷ್ಟಕ್ಕೆ ಕಡಿಮೆಯಾಯಿತು.

ತುದಿಗೆ ಹೊರಟದ್ದು ರಾತ್ರಿ ಮೂರಕ್ಕೆ. ಎಲ್ಲರೂ ದಪ್ಪ ಜಾಕೆಟ್ಟಿನಲ್ಲಿ ಹೊರಟರು. ನಾನು ಕಪ್ಪತಗುಡ್ಡ ನೆನೆದು ಅದನ್ನು ಬ್ಯಾಗಿಗೆ ಹಾಕಿ, ಸ್ವಲ್ಪ ಚಳಿಯಲ್ಲೇ ಹೆಜ್ಜೆ ಇಟ್ಟೆ. ಹತ್ತು ನಿಮಿಷಕ್ಕೆ ಮೈ ಬೆಚ್ಚಗಾಯಿತು, ಬೆವರಲಿಲ್ಲ. ನಿಂತಾಗ ಮಾತ್ರ ಜಾಕೆಟ್. ಅಷ್ಟರಮಟ್ಟಿಗೆ ಶಾಣ್ಯಾತನ ಮಾಡಿದೆ.

ಆದರೆ ಹೊರಟು ಒಂದು ಗಂಟೆ ಆಗುವಷ್ಟರಲ್ಲಿ ಬಲಗಾಲಿನ ಬೆರಳು ಕಾಣೆ. ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಗೈಡಿಗೆ ಹೇಳಿದೆ. ಗಾಳಿ ಬೀಳದ ಕಡೆ ಕೂರಿಸಿ ಬೂಟು ಬಿಚ್ಚಿಸಿದ. ಕಾಲುಚೀಲ ಎರಡು, ಅದರ ಕೆಳಗೆ ಅವ್ವನ ಕಂಬಳಿಯ ಅಟ್ಟೆ. ಬೂಟಿನಲ್ಲಿ ಗಾಳಿ ಆಡಲು ಜಾಗವೇ ಇಲ್ಲ, ರಕ್ತ ಓಡಲೂ ಇಲ್ಲ. ಬೆಚ್ಚಗಾಗಲಿ ಅಂತ ತುರುಕಿದ್ದೇ ಕಾಲನ್ನು ಹಿಂಡಿ ತಣ್ಣಗೆ ಮಾಡಿತ್ತು. "ಮಾಮಾ, ಫಿಟಿಂಗ್ ಟೈಟ್ ಆತು" ಅಂತ ಅಳಿಯ ಆ ಕತ್ತಲಲ್ಲೂ ನಗುತ್ತಿದ್ದ. ಎರಡೂ ಬೂಟಿನಿಂದ ಅಟ್ಟೆ ತೆಗೆದೆ, ಒಂದೊಂದು ಕಾಲುಚೀಲ ಬಿಚ್ಚಿದೆ, ಲೇಸು ಸಡಿಲ ಮಾಡಿದೆ. ಬೆರಳನ್ನು ಅಳಿಯ ತನ್ನ ಕಂಕುಳಲ್ಲಿ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಸೂಜಿ ಚುಚ್ಚಿದಂತೆ ನೋವು ಶುರುವಾಯಿತು. ಅಷ್ಟು ಖುಷಿಯ ನೋವು ಜೀವನದಲ್ಲಿ ಕಂಡಿರಲಿಲ್ಲ.

ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ ತುದಿಯಲ್ಲಿದ್ದೆವು. ಒಳಜೇಬಿನ ಉಂಡಿ ಮೆತ್ತಗಾಗಿತ್ತು, ಗೈಡಿಗೂ ಒಂದು ಕೊಟ್ಟೆ.

ಮನೆಗೆ ಬಂದ ದಿನ ಅವ್ವ ಮೊದಲು ಕೇಳಿದ್ದು ಬೆಟ್ಟದ ಸುದ್ದಿಯಲ್ಲ, ಕಂಬಳಿಯ ತುಂಡು. ದೊಡ್ಡದು ಇದೆ, ಸೊಂಟದ ಕೆಳಗೆ ಚೆನ್ನಾಗಿ ಕೆಲಸ ಮಾಡಿತು ಅಂದೆ. ಚಿಕ್ಕವೆರಡು? ಬ್ಯಾಗಿನ ತಳದಿಂದ ತೆಗೆದು ಕೊಟ್ಟೆ. ಅವನ್ನು ಹೊರಳಿಸಿ ನೋಡಿ, "ಸಂಕ್ರಮಣ ಮುಗೀಲಿ, ಮೇಡ್ಲೇರಿಗೆ ಹೋಗಿ ಹೊಸಾದು ತೊಗೊಂಡ ಬಾ. ಕತ್ತರಿ ಅಂಗಡ್ಯಾಗ ಇಟ್ಟು ಬಾ" ಅಂದಳು.