ಶಾಲೆಯಲ್ಲಿ ಹಿರಿಯರ ಓದಿನ ಬಳಗ: ಕಟ್ಟುವುದು ಹೇಗೆ?

ನಿವೃತ್ತರನ್ನು ಆಗಸ್ಟ್ 15ಕ್ಕೆ ವೇದಿಕೆ ಹತ್ತಿಸಿ ಶಾಲು ಹೊದಿಸಿದರೆ ಅವರ ಅನುಭವ ಯಾರಿಗೂ ದಕ್ಕುವುದಿಲ್ಲ. ಅವರಿಗೆ ಬೇಕಿರುವುದು ವಾರವಾರವೂ ತಮಗಾಗಿ ಕಾದಿರುವ ಕೆಲಸ. ಓದಿಗೆ ತಡವರಿಸುವ ಶಾಲಾ ಮಕ್ಕಳನ್ನು ಹಿರಿಯರು ಕೂರಿಸಿಕೊಂಡು ಓದಿಸುವ ಬಳಗ ಅಂಥದ್ದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ‘ಎಕ್ಸ್‌ಪೀರಿಯನ್ಸ್ ಕೋರ್’ ಯೋಜನೆ 60 ದಾಟಿದವರನ್ನು ಪ್ರಾಥಮಿಕ ಶಾಲೆಗಳಿಗೆ ವಾರಕ್ಕೆ 15 ಗಂಟೆ ಕಳಿಸಿತು, ಕಳಿಸಿದ್ದು ತಂಡವಾಗಿ. ನಮ್ಮ ಊರುಗಳಿಗೆ ಅಷ್ಟು ಹೊತ್ತು ಬೇಡ, ವಾರಕ್ಕೆ 2 ದಿನ, ಒಂದೊಂದು ಗಂಟೆ ಸಾಕು. ತಂಡ ಮಾತ್ರ ಬೇಕೇ ಬೇಕು.

ಜೋಡಿ ಮಾಡಿ. 6 ಮಂದಿ ಹಿರಿಯರು, 3 ಜೋಡಿ. ಒಂದೊಂದು ಜೋಡಿಗೆ 3 ಅಥವಾ 4ನೇ ತರಗತಿಯಲ್ಲಿ ಓದಿಗೆ ತಡವರಿಸುವ 4 ಮಕ್ಕಳು. ಮಗಳ ಬಾಣಂತನ, ಕಣ್ಣಿನ ಪೊರೆಯ ಆಪರೇಷನ್, ಮೊಣಕಾಲು ನೋವು ಎಂದು ಒಬ್ಬರು ತಪ್ಪಿದಾಗ ಇನ್ನೊಬ್ಬರು ನಡೆಸಿಕೊಂಡು ಹೋಗುತ್ತಾರೆ. ಒಬ್ಬರನ್ನೇ ನಂಬಿದ ಬಳಗ ಅಲ್ಲಿಗೇ ನಿಲ್ಲುತ್ತದೆ. ನಿವೃತ್ತ ಶಿಕ್ಷಕರೇ ಆಗಬೇಕಿಲ್ಲ. ಬಸ್ ಕಂಡಕ್ಟರ್, ಪೋಸ್ಟ್‌ಮ್ಯಾನ್, ಹೊಲಿಗೆಯವರು ಯಾರಾದರೂ ಆದೀತು. ಓದು ಬಾರದ ಅಜ್ಜಿಗೂ ಇಲ್ಲಿ ಕೆಲಸವಿದೆ: ಅವರು ಮಕ್ಕಳಿಗೆ ಒಗಟನ್ನೋ ಕಥೆಯನ್ನೋ ಹೇಳಲಿ, ಜೋಡಿಯವರು 5–6 ಸಾಲಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳಲಿ. ಮುಂದಿನ ವಾರ ಮಕ್ಕಳಿಗೆ ಅದೇ ಪಾಠ. ಕೇಳಿದ ಮಾತನ್ನೇ ಓದುವುದರಿಂದ ಮಗು ಊಹಿಸಿ ಮುಂದೆ ಹೋಗುತ್ತದೆ.

ಯಾವ ಮಗು ಯಾವ ಜೋಡಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಹಿರಿಯರ ಆಯ್ಕೆಗೆ ಬಿಟ್ಟರೆ ಕೆಲವೆಡೆ ಜಾತಿ ಒಳಗೆ ಬರುತ್ತದೆ. ಅದಕ್ಕೆ ಜಾಗ ಕೊಡಲೇಬಾರದು.

ಒಪ್ಪಿಗೆ. ಮುಖ್ಯ ಶಿಕ್ಷಕರೊಂದಿಗೆ ಮಾತಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ. ಶಿಕ್ಷಕರು ರಜೆ ಹಾಕಿದ ದಿನ ಇಡೀ ತರಗತಿಯನ್ನು ಹಿರಿಯರಿಗೆ ವಹಿಸುವಂತಿಲ್ಲ ಎಂಬುದೂ ಅದರಲ್ಲಿರಲಿ. 40 ಮಕ್ಕಳನ್ನು ಸುಮ್ಮನಿರಿಸುವ ಕೆಲಸಕ್ಕೆ ಹಚ್ಚಿದರೆ ಅವರು ಬೇಗ ಬಿಟ್ಟುಹೋಗುತ್ತಾರೆ. ಓದು ನಡೆಯುವುದು ಎಲ್ಲರಿಗೂ ಕಾಣುವ ಜಗಲಿಯಲ್ಲಿ, ಇಲ್ಲವೇ ಬಾಗಿಲು ತೆರೆದ ಕೋಣೆಯಲ್ಲಿ. ಮಕ್ಕಳನ್ನು ಮನೆಗೆ ಕರೆದೊಯ್ಯುವಂತಿಲ್ಲ, ಅವರ ಫೋಟೊ ವಾಟ್ಸ್‌ಆ್ಯಪ್‌ಗೆ ಹಾಕುವಂತಿಲ್ಲ. ಶಾಲೆಯಲ್ಲಿ ಜಾಗವಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಕೇಳಿ ನೋಡಿ.

ಬಸ್ ಚಾರ್ಜನ್ನು ಹಿರಿಯರ ಕೈಯಿಂದ ಹಾಕಿಸಬೇಡಿ. ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಗಂಡಸರದ್ದನ್ನು ಹಳೆಯ ವಿದ್ಯಾರ್ಥಿಗಳ ಸಂಘ ಕೊಡಬಹುದು.

ಕೂರುವ ಜಾಗ. ಚಾಪೆ ಬೇಡ. ಹಿರಿಯರಿಗೆ ಕೈಯಿರುವ ಕುರ್ಚಿ ಹಾಕಿ, ಎದ್ದೇಳುವಾಗ ಹಿಡಿಯಲು ಬೇಕು. ಬೆಳಕು ಪುಟದ ಮೇಲೆ ಪಕ್ಕದಿಂದ ಬೀಳಲಿ. ಕಿಟಕಿಗೆ ಮುಖ ಮಾಡಿ ಕೂತರೆ ಕಣ್ಣು ಕುಕ್ಕುತ್ತದೆ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ಸಣ್ಣ, ಕೀರಲು ದನಿ. ಮಕ್ಕಳ ದನಿಯೇ ಅಂಥದ್ದು. ಸ, ಶ ಬೇರೆಬೇರೆಯಾಗಿ ಕೇಳಿಸುವುದೂ ಕಷ್ಟ. ಹಾಗಾಗಿ ಮಗು ಎದುರಿಗೆ ಕೂರದೆ ಪಕ್ಕದಲ್ಲಿ ಕೂರಲಿ, ಇಬ್ಬರ ಕಣ್ಣೂ ಒಂದೇ ಪುಟದ ಮೇಲಿರಲಿ. ಬಿಸಿಯೂಟದ ಅಡುಗೆಮನೆಯ ಸದ್ದಿನಿಂದ ದೂರವಿರಿ. ಶೌಚಾಲಯ ಹತ್ತಿರವಿರಬೇಕು. ಊಟದ ನಂತರದ ಅವಧಿ ಬೇಡ, ಇಬ್ಬರಿಗೂ ತೂಕಡಿಕೆ.

ಓದು. ಮೊದಲು ಒಬ್ಬೊಬ್ಬ ಹಿರಿಯರ ಬಳಿ ಒಂದೊಂದು ಮಗು: 5 ನಿಮಿಷ ಮಾತು, 15 ನಿಮಿಷ ಓದು, 10 ನಿಮಿಷ ಬರಹ. ನಂತರ ಉಳಿದಿಬ್ಬರು ಮಕ್ಕಳ ಸರದಿ. ಹಿರಿಯರು ಕಲಿತದ್ದು ಅ ಆ ಇ ಈ ಕ್ರಮದಲ್ಲಿ. ನಲಿ–ಕಲಿಯ, ಅಂದರೆ ಸರ್ಕಾರಿ ಶಾಲೆಯ ಆರಂಭದ ತರಗತಿಗಳಲ್ಲಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ಪದ್ಧತಿಯ, ಮಕ್ಕಳು ರ, ಗ, ಸ, ದ, ಅ ಎಂದು ಆರಂಭಿಸಿದವರು. ಇದು ಗೊತ್ತಿಲ್ಲದೆ ‘ಅಕ್ಷರಮಾಲೆ ಹೇಳು’ ಎಂದರೆ ಓದಬಲ್ಲ ಮಗುವೂ ತಬ್ಬಿಬ್ಬಾಗುತ್ತದೆ. ಶುರುವಿಗೆ ಮುನ್ನ ಶಿಕ್ಷಕರಿಂದ ಆ ಕಾರ್ಡುಗಳನ್ನು ತರಿಸಿ ನೋಡಿಕೊಳ್ಳಿ.

ಮಗು ತಡವರಿಸಿದಾಗ ಮನಸ್ಸಿನಲ್ಲೇ 5 ಎಣಿಸಿ, ಆಮೇಲಷ್ಟೇ ಹೇಳಿಕೊಡಿ. ಹಿರಿಯರಿಗೆ ಇದೇ ಅತ್ಯಂತ ಕಷ್ಟ, ಬಾಯಿ ತಾನಾಗಿ ತಿದ್ದುತ್ತದೆ. ಹೆಚ್ಚಾಗಿ ಸಿಕ್ಕಿಕೊಳ್ಳುವುದು ಒತ್ತಕ್ಷರದಲ್ಲಿ. ‘ಅಕ್ಕ’, ‘ಹಳ್ಳಿ’ಯಂಥ ಸಜಾತಿ ಒತ್ತು (ಅದೇ ಅಕ್ಷರದ ಒತ್ತು) ಗಟ್ಟಿಯಾದ ಮೇಲೆ ‘ರಸ್ತೆ’, ‘ಭಕ್ತಿ’ಗೆ ಹೋಗಿ.

ಮಗುವಿಗೊಂದು ನೋಟ್‌ಬುಕ್ ಇರಲಿ: ದಿನಾಂಕ, ಪುಟ, ಸಿಕ್ಕಿಕೊಂಡ 3 ಪದ. ಎರಡು ತಿಂಗಳಾದರೂ ಅವೇ ಪದಗಳು ಮರಳಿ ಬರುತ್ತಿದ್ದರೆ ಜೋಡಿಯನ್ನು ಬದಲಿಸಬೇಡಿ. ಮೊದಲು ಪುಸ್ತಕ ಬದಲಿಸಿ, ಒಂದು ಹಂತ ಸುಲಭದ್ದು ಕೊಡಿ. ಆಮೇಲೆ ಮಗುವಿನ ಕಣ್ಣು ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ.