ಖರ್ಚಿನ ದುಡ್ಡು ಬೇರೆ, ಫೀಸು ಬೇರೆ

ಸಾಗರದಲ್ಲಿ ನಾನೂ ನನ್ನ ಗೆಳೆಯರೊಬ್ಬರೂ ಸೇರಿ ವಕೀಲಿ ಆಫೀಸು ಶುರು ಮಾಡಿ ಹನ್ನೊಂದು ವರ್ಷವಾಯಿತು. ಮಹಡಿ ಮೇಲೆ ಎರಡು ಕೋಣೆ, ಒಬ್ಬರು ಗುಮಾಸ್ತರು, ಒಬ್ಬ ಜೂನಿಯರ್. ಕೇಸಿಗೆ ಯಾವತ್ತೂ ಕಡಿಮೆ ಇರಲಿಲ್ಲ. ಪಾಲಿನ ದಾವೆ, ಬೇಲಿ ಜಗಳ, ತೋಟದ ದಾರಿ ಜಗಳ, ಚೆಕ್ ಬೌನ್ಸ್, ಬಗರ್‌ಹುಕುಂ ಅರ್ಜಿ, ಎಲ್ಲ ಬರುತ್ತಿತ್ತು. ಆದರೂ ಮೊದಲ ನಾಲ್ಕು ವರ್ಷ ಪ್ರತಿ ಮಳೆಗಾಲದಲ್ಲೂ ಬಾಡಿಗೆ ಕಟ್ಟಲು ಸಾಲ ಮಾಡಿದ್ದೇವೆ. ಒಂದು ಆಗಸ್ಟ್‌ನಲ್ಲಿ ಗುಮಾಸ್ತರ ಸಂಬಳಕ್ಕೆ ಮನೆಯವಳ ಬಳೆಯನ್ನು ಸೊಸೈಟಿಯಲ್ಲಿ ಅಡವಿಟ್ಟೆ. ಹೊಸದಾಗಿ ಆಫೀಸು ಹಾಕುವ ತಮ್ಮ ತಂಗಿಯರಿಗೆ ಆ ಗತಿ ಬರುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಕಕ್ಷಿದಾರರು ದುಡ್ಡು ಕೊಡುವುದಿಲ್ಲ ಅಂತ ಮೊದಲು ಅಂದುಕೊಂಡಿದ್ದೆವು. ಅದು ತಪ್ಪು. ಕೊಡುತ್ತಾರೆ, ಆದರೆ ಅಡಿಕೆ ಕೊಟ್ಟಾಗ ಕೊಡುತ್ತಾರೆ. ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ಕೈಗೆ ದುಡ್ಡು ಬರುವ ಹೊತ್ತಿಗೆ ಸಂಕ್ರಾಂತಿ ಕಳೆದಿರುತ್ತದೆ. ಯುಗಾದಿವರೆಗೆ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಆಮೇಲೆ ಮನೆಯ ಮದುವೆ, ಮಕ್ಕಳ ಶಾಲೆ ಫೀಸು. ಜೂನ್ ಬಂದರೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ: ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ. ಎಲೆಚುಕ್ಕೆ ರೋಗ ಬಂದ ಮೇಲೆ ಅದರ ಖರ್ಚು ಬೇರೆ. ಜುಲೈ ತಿಂಗಳ ಕೋರ್ಟ್ ತಾರೀಕಿಗೆ ಬಂದವರು "ಸಾರ್, ಔಷಧಿ ಹೊಡೆಸಿ ಕೈ ಖಾಲಿ" ಅಂದರೆ ಅದರಲ್ಲಿ ಸುಳ್ಳಿಲ್ಲ. ಇತ್ತ ದುಡ್ಡು ಇರುವ ಬೇಸಿಗೆಯಲ್ಲೇ ಸಿವಿಲ್ ಕೋರ್ಟಿಗೆ ರಜೆ. ತಾರೀಕು ಇಲ್ಲದಿದ್ದರೆ ಯಾರು ಸುಮ್ನೆ ಪೇಟೆಗೆ ಬಂದು ವಕೀಲರ ಮೆಟ್ಟಿಲು ಹತ್ತುತ್ತಾರೆ? ಕೋರ್ಟು ಮತ್ತೆ ಶುರುವಾಗುವ ಹೊತ್ತಿಗೆ ಅವರ ದುಡ್ಡೂ ಮುಗಿದಿರುತ್ತಿತ್ತು, ನಮ್ಮದೂ ಮುಗಿದಿರುತ್ತಿತ್ತು.

ಆದರೆ ನಮ್ಮ ದೊಡ್ಡ ತಪ್ಪು ಅದಲ್ಲ. ಬಂದ ದುಡ್ಡನ್ನೆಲ್ಲ ಒಂದೇ ಖಾತೆಗೆ ಹಾಕುತ್ತಿದ್ದೆವು. ಯಾರೋ ಹತ್ತು ಸಾವಿರ ಕೊಟ್ಟರೆ ಅದರಲ್ಲೇ ಕೋರ್ಟ್ ಫೀ, ಸಮನ್ಸ್ ಬಟವಾಡೆ, ನಕಲಿನ ಖರ್ಚು, ಅದರಲ್ಲೇ ಆಫೀಸಿನ ಕರೆಂಟ್ ಬಿಲ್ಲು. ಯಾವುದು ನಮ್ಮ ಫೀಸು, ಯಾವುದು ಅವರ ಖರ್ಚಿಗೆ ಕೊಟ್ಟಿದ್ದು ಅಂತ ತಿಂಗಳ ಕೊನೆಗೆ ನಮಗೇ ಗೊತ್ತಾಗುತ್ತಿರಲಿಲ್ಲ.

ತುಮರಿ ಕಡೆಯ ಒಬ್ಬ ಅಜ್ಜಿಯ ಪಾಲಿನ ದಾವೆ ನಮ್ಮ ಹತ್ತಿರ ಇತ್ತು. ಆಗ ಸಿಗಂದೂರು ಸೇತುವೆ ಆಗಿರಲಿಲ್ಲ. ಅವರು ಲಾಂಚಿನಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಬರಬೇಕಿತ್ತು. ಜಾಗ ಅಳೆಯಲು ಕೋರ್ಟ್ ಕಮಿಷನರ್ ಬೇಕಾಗಬಹುದು, ಆರು ಸಾವಿರ ಇಟ್ಟುಕೊಂಡಿರಿ ಅಂತ ಮೊದಲೇ ಹೇಳಿದ್ದೆ. ಅವರು ಅದನ್ನು ಏಪ್ರಿಲ್‌ನಲ್ಲೇ ತಂದು ಕೊಟ್ಟಿದ್ದರು. ಔಷಧಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನೋಟು, ಕವರಿಗೆ ರಬ್ಬರ್ ಬ್ಯಾಂಡ್. "ಎಣಿಸ್ಕೋ ತಮ್ಮಾ" ಅಂದರು. ಎಣಿಸಿದೆ, ಸರಿಯಿತ್ತು. ಆಗಸ್ಟ್‌ನಲ್ಲಿ ಕಮಿಷನರ್ ಫೀ ಕಟ್ಟಿ ಅಂತ ಆದೇಶವಾಯಿತು. ಖಾತೆ ನೋಡಿದರೆ ಒಂದು ಸಾವಿರದ ಚಿಲ್ಲರೆ. ಅಜ್ಜಿಯ ದುಡ್ಡು ನಮ್ಮ ಬಾಡಿಗೆಗೆ ಹೋಗಿತ್ತು.

ಅವತ್ತೇ ಮಧ್ಯಾಹ್ನ ಪರಿಚಯದ ಅಂಗಡಿಯವರ ಹತ್ತಿರ ಕೈಗಡ ತಂದು ಕಟ್ಟಿದೆ. ಕೇಸಿಗೆ ತೊಂದರೆ ಆಗಲಿಲ್ಲ, ಅಜ್ಜಿಗೆ ವಿಷಯ ತಿಳಿಯಲೂ ಇಲ್ಲ. ಆದರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ನನ್ನ ಸೀನಿಯರ್ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ ತೆಗೆದು ಮುಂದಿಟ್ಟರು. ಕಕ್ಷಿದಾರರಿಂದ ಬಂದ ಹಣ ಫೀಸಿಗೋ ಖರ್ಚಿಗೋ ಅಂತ ಲೆಕ್ಕದಲ್ಲಿ ಬರೆಯಬೇಕು. ಕೇಸು ನಡೆಯುತ್ತಿರುವಾಗ ಅವರ ಲಿಖಿತ ಒಪ್ಪಿಗೆ ಇಲ್ಲದೆ ಖರ್ಚಿನ ಹಣವನ್ನು ಫೀಸಿಗೆ ತಿರುಗಿಸಿಕೊಳ್ಳುವ ಹಾಗಿಲ್ಲ. ಪರೀಕ್ಷೆಗೆ ಓದಿದ್ದ ನಿಯಮವೇ. ಆಚರಣೆಗೆ ತಂದಿರಲಿಲ್ಲ.

ಆ ವಾರವೇ ಎರಡನೇ ಖಾತೆ ತೆರೆದೆವು. ಕಕ್ಷಿದಾರರ ಖರ್ಚಿನ ಹಣ ಅಲ್ಲಿಗೇ ಹೋಗುತ್ತದೆ. ಅದರ ಚೆಕ್ ಪುಸ್ತಕ ಗುಮಾಸ್ತರ ಬೀರುವಿನಲ್ಲಿ. ನಾವಿಬ್ಬರೂ ಸಹಿ ಹಾಕಿದರೆ ಮಾತ್ರ ದುಡ್ಡು ಹೊರಗೆ ಬರುತ್ತದೆ.

ಇನ್ನೊಂದು, ವಕಾಲತ್ತಿಗೆ, ಅಂದರೆ ಕೇಸು ನಡೆಸಲು ನಮಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕಿಸುವ ಮೊದಲು ಒಂದು ಹಾಳೆ ಬರೆಯುತ್ತೇವೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಎಡಗಡೆ ಖರ್ಚು, ಬಲಗಡೆ ಫೀಸು. ಪಾಲಿನ ದಾವೆಯಲ್ಲಿ ಸಾಮಾನ್ಯವಾಗಿ ಕೋರ್ಟ್ ಫೀ ದೊಡ್ಡದಲ್ಲ. ಹಳೇ ಪಹಣಿ, ಮ್ಯುಟೇಶನ್ (ಜಮೀನಿನ ಹಕ್ಕು ಬದಲಾವಣೆ) ನಕಲು, ಸರ್ವೆ ಸ್ಕೆಚ್, ಕಮಿಷನರ್, ಇವಕ್ಕೇ ಜಾಸ್ತಿ ಹೋಗುತ್ತದೆ. ಅದನ್ನೆಲ್ಲ ಅಂದಾಜಿನಲ್ಲಿ ಎಡಗಡೆ ಬರೆಯುತ್ತೇವೆ. ಫೀಸು 36,000 ಅಂತಾದರೆ ಮೂರು ಭಾಗ: ವಕಾಲತ್ತು ಹಾಕುವಾಗ 12,000, ಸಾಕ್ಷಿ ಶುರುವಾಗುವಾಗ 12,000, ವಾದಕ್ಕೆ ಮೊದಲು 12,000. ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. "ಯಾವ ತಿಂಗಳು ಕೊಟ್ಟರೆ ನಿಮಗೆ ಭಾರ ಆಗೋದಿಲ್ಲ?" ಅವರೇ ಹೇಳುತ್ತಾರೆ, ಫೆಬ್ರವರಿ ಅಂತಲೋ ಮಾರ್ಚ್ ಅಂತಲೋ. ಅದನ್ನೇ ಬರೆದು ಇಬ್ಬರೂ ಸಹಿ ಹಾಕುತ್ತೇವೆ, ಒಂದು ಪ್ರತಿ ಅವರಿಗೆ. ಕೇಳಲು ಮೊದಮೊದಲು ಬಾಯಿ ಬರುತ್ತಿರಲಿಲ್ಲ. ಪರಿಚಯದವರು, ಬೀಗರ ಕಡೆಯವರು, ಅವರ ಮುಂದೆ ದುಡ್ಡಿನ ಮಾತಾಡುವುದು ಕಷ್ಟ ಅಲ್ವಾ? ಆದರೆ ಹಾಳೆ ಬರೆದ ಮೇಲೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮುಂದೆ ಎಷ್ಟು ಕೇಳುತ್ತಾರೋ ಅನ್ನುವ ಹೆದರಿಕೆ ಅವರಿಗೂ ಇರುತ್ತದೆ, ಅದು ಹೋಯಿತು.

ಬರುವ ದುಡ್ಡನ್ನು ಹನ್ನೆರಡು ತಿಂಗಳಿಗೆ ಹಂಚುವುದನ್ನೂ ಕಲಿತೆವು. ಈಗ ತಿಂಗಳಿಗೆ ಬಾಡಿಗೆ 7,000, ಗುಮಾಸ್ತರಿಗೆ 14,000, ಜೂನಿಯರ್‌ಗೆ 13,000, ಕರೆಂಟು, ಇಂಟರ್ನೆಟ್, ಕಾಗದಕ್ಕೆ 4,000. ಒಟ್ಟು 38,000. ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳಿಗೆ 1,90,000. ಅದು ಮೇ ಮುಗಿಯುವ ಮೊದಲು ಬೇರೆ ಠೇವಣಿಯಲ್ಲಿ ಇರಲೇಬೇಕು. ಅಲ್ಲಿಯವರೆಗೆ ನಾವಿಬ್ಬರೂ ಮನೆಗೆ ಕಡಿಮೆ ತೆಗೆದುಕೊಂಡು ಹೋಗುತ್ತೇವೆ. ಮೊದಲ ವರ್ಷ ಇದು ಆಗಲಿಲ್ಲ, ಅರ್ಧವೂ ಕೂಡಲಿಲ್ಲ. ಮೂರನೇ ವರ್ಷ ಪೂರ್ತಿ ಆಯಿತು. ಬಳೆ ಬಿಡಿಸಿಕೊಂಡು ಬಂದಿದ್ದೂ ಅದೇ ವರ್ಷ.

"ಗೆದ್ದರೆ ಅರ್ಧ ಎಕರೆ ನಿಮಗೇ ಬರೆದುಕೊಡ್ತೀನಿ, ಈಗ ಫೀಸು ಕೇಳಬೇಡಿ" ಅನ್ನುವವರು ಈಗಲೂ ಬರುತ್ತಾರೆ. ಅದಕ್ಕೆ ಒಪ್ಪಲೇಬೇಡಿ. ಗೆಲುವಿನ ಮೇಲೆ ಫೀಸು ಕಟ್ಟುವುದಾಗಲಿ, ಬಂದದ್ದರಲ್ಲಿ ಪಾಲು ಕೇಳುವುದಾಗಲಿ ನಮ್ಮ ನಿಯಮದಲ್ಲಿ ಇಲ್ಲ. ನಿಜವಾಗಿಯೂ ಕೈಯಲ್ಲಿ ಇಲ್ಲದವರನ್ನು ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಫೀಸು ಕೊಡಲಾಗದೆ ಕೇಸನ್ನೇ ಬಿಟ್ಟ ಹೆಂಗಸರನ್ನು ನೋಡಿದ್ದೇನೆ.

ಫೈಲಿನ ವಿಷಯವನ್ನೂ ಹೇಳಬೇಕು. ಒಬ್ಬರು 15,000 ಬಾಕಿ ಇಟ್ಟು, ಬೇರೆ ವಕೀಲರ ಹತ್ತಿರ ಹೋಗುತ್ತೇನೆ, ಫೈಲು ಕೊಡಿ ಅಂದರು. ಸಿಟ್ಟಿನಲ್ಲಿ, ಬಾಕಿ ಕೊಟ್ಟು ತೆಗೆದುಕೊಂಡು ಹೋಗಿ ಅಂದೆ. ಅದು ತಪ್ಪು. ಬಾಕಿಗಾಗಿ ವಕೀಲರು ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಮೂರನೇ ದಿನ ನಾನೇ ಅವರ ಊರಿಗೆ ಹೋಗಿ ಫೈಲು ಕೊಟ್ಟು ಬಂದೆ. ಬಾಕಿ ಇವತ್ತಿಗೂ ಬಂದಿಲ್ಲ.

ಈಗ ನನ್ನ ಮನಸ್ಸಿನಲ್ಲಿರುವುದು ಜೂನಿಯರ್ ಹುಡುಗಿಯ ವಿಷಯ. ಹೊಸನಗರದ ಕಡೆಯವಳು, ಇಲ್ಲಿ ರೂಮು ಮಾಡಿಕೊಂಡಿದ್ದಾಳೆ. ಕಾಗದ ಓದುವುದರಲ್ಲಿ ತುಂಬಾ ಚುರುಕು. ಹಳ್ಳಿ ಕಡೆಯ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 15,000, ಪಟ್ಟಣದಲ್ಲಿ 20,000 ಕೊಡಿ ಅಂತ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸಲಹೆ ಕೊಟ್ಟಿತು. ಕಡ್ಡಾಯ ಅಲ್ಲ, ಆದರೆ ಅಷ್ಟಾದರೂ ಇಲ್ಲದೆ ಅವಳು ಇಲ್ಲಿ ಹೇಗೆ ಉಳಿಯಬೇಕು? ನಾವು ಹತ್ತರಿಂದ ಹದಿಮೂರಕ್ಕೆ ಏರಿಸಿದ್ದೇವೆ, ಇನ್ನೂ ಎರಡು ಸಾವಿರ ಬಾಕಿ ಇದೆ. ಬರುವ ಫೆಬ್ರವರಿಯಲ್ಲಿ ಮಂಡಿ ದುಡ್ಡು ಬರಲು ಶುರುವಾದ ಕೂಡಲೇ ಅದನ್ನು ಮೊದಲು ತೆಗೆದಿಡುವುದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.